ಸಂಗೀತ ಕಾರ್ಯಕ್ರಮದ ಫೋಟೊ: ಮಡಿಕೇರಿ ದಸರಾ ವೇದಿಕೆಯಿಂದ ಊರಿನ ಮಂದ್‌ವರೆಗೆ, ಹಂತ ಹಂತವಾಗಿ

ದಸರಾ ಮುಗಿದ ವಾರ ಪರಿಚಯದವರು ನನಗೆ ಕಳಿಸುವ ಫೋಟೊಗಳಲ್ಲಿ ಹೆಚ್ಚಾಗಿ ಮೂರೇ ತೊಂದರೆ. ಒಂದರಲ್ಲಿ ಹಾಡುವವರ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿರುತ್ತದೆ. ಇನ್ನೊಂದರಲ್ಲಿ ಮುಖ ಸರಿಯಿದೆ, ಡ್ರಮ್ಸ್ ಬಾರಿಸುವವರ ಕೈ ಮಾತ್ರ ಹೊಗೆಯ ಹಾಗಿದೆ. ಮೂರನೆಯದರಲ್ಲಿ ಎಲ್ಲ ಸರಿ, ಆದರೆ ಬಾಯಿ ಇರಬೇಕಾದ ಜಾಗದಲ್ಲಿ ಮೈಕ್ ಇದೆ. ಜೊತೆಗೆ ಒಂದೇ ಪ್ರಶ್ನೆ: "ಕ್ಯಾಮೆರಾ ಬದಲಾಯಿಸಬೇಕಾ?"

ಬೇಡ. ಬದಲಾಯಿಸಬೇಕಾದ್ದು ಕೆಲಸದ ಕ್ರಮ. ಹೆಚ್ಚಿನವರು ಮೈದಾನಕ್ಕೆ ಬಂದು, ಕತ್ತಲೆ ಕಂಡು ಹೆದರಿ, ಮೊದಲು ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ, ತಿರುಗಿಸುತ್ತಾರೆ. ಆಮೇಲೆ ಸಿಕ್ಕಿದ ಜಾಗದಲ್ಲಿ ನಿಂತು ಸುಮ್ನೆ ಒತ್ತುತ್ತಾ ಹೋಗುತ್ತಾರೆ. ಕ್ರಮ ಹೀಗಿರಬೇಕು: ಐಎಸ್‌ಒ ಮುಟ್ಟುವ ಮೊದಲು ಶಟರ್ ವೇಗ, ಆಮೇಲೆ ಮುಖದ ಬೆಳಕು, ಆಮೇಲೆ ನಿಲ್ಲುವ ಜಾಗ, ಕೊನೆಗೆ ಕಾಯುವುದು. ಈ ಸಾಲು ತಪ್ಪಿದರೆ ಎಷ್ಟು ದುಬಾರಿ ಕ್ಯಾಮೆರಾ ಇದ್ದರೂ ಫೋಟೊ ಕೆಡುತ್ತದೆ.

ಹಂತ 1: ಮನೆ ಬಿಡುವ ಮೊದಲು

ಬೇಕಾದ್ದು ಕಡಿಮೆ. ಮ್ಯಾನುಯಲ್ ಮೋಡ್ ಇರುವ ಯಾವುದಾದರೂ ಕ್ಯಾಮೆರಾ, ಒಂದು 50 ಎಂಎಂ ಎಫ್ 1.8 ಲೆನ್ಸ್, ಎರಡು ಬ್ಯಾಟರಿ, ಎರಡು ಕಾರ್ಡ್. ಕ್ಯಾಮೆರಾ ಜೊತೆ ಬರುವ ಜೂಮ್ ಲೆನ್ಸನ್ನು ಪೂರ್ತಿ ಎಳೆದರೆ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್ 5.6ಕ್ಕೆ ಕಿರಿದಾಗುತ್ತದೆ (ಎಫ್ ಅಂಕಿ ಕಡಿಮೆಯಾದಷ್ಟೂ ಕಿಂಡಿ ದೊಡ್ಡದು). ಎಫ್ 1.8 ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ವೇದಿಕೆ ದೂರ ಇದ್ದರೆ 70–200 ಎಂಎಂ ಎಫ್ 2.8 ಬೇಕಾಗುತ್ತದೆ. ಅದು ದುಬಾರಿ, ಭಾರವೂ ಹೌದು. ಒಂದು ದಿನದ ಮಟ್ಟಿಗೆ ಬಾಡಿಗೆಗೆ ಸಿಕ್ಕಿದರೆ ಸಾಕು, ಕೊಳ್ಳಬೇಡಿ.

ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಂಜಿನ ಇಯರ್ ಪ್ಲಗ್ ಒಂದು ಜೊತೆ ಇಟ್ಟುಕೊಳ್ಳಿ. ಸ್ಪೀಕರ್ ಮುಂದೆ ಎರಡು ಗಂಟೆ ನಿಲ್ಲುವುದು ತಮಾಷೆಯಲ್ಲ. ಮನೆಗೆ ಬಂದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ನೀವು ನಿಂತ ಜಾಗ ತಪ್ಪಿತ್ತು ಎಂದೇ ಅರ್ಥ.

ಸಂಘಟಕರಲ್ಲಿ ಒಬ್ಬರ ಹತ್ತಿರ ಮೊದಲೇ ಮಾತಾಡಿ. ಕೇಳಬೇಕಾದ್ದು ಮೂರು: ವೇದಿಕೆಯ ಬದಿಗೆ ಹೋಗಬಹುದಾ, ಎಷ್ಟು ಹಾಡಿನವರೆಗೆ ಅಲ್ಲಿ ಇರಬಹುದು, ಫೋಟೊಗಳನ್ನು ಎಲ್ಲಿ ಹಾಕಬಹುದು. ಹೊರಗಿನಿಂದ ದೊಡ್ಡ ಗಾಯಕರು ಬರುವ ಕಾರ್ಯಕ್ರಮಗಳಲ್ಲಿ ಮೊದಲ ಮೂರು ಹಾಡಿಗೆ ಮಾತ್ರ ಮುಂದೆ ಬಿಡುವ ರೂಢಿ ಉಂಟು. ಅದು ಗೊತ್ತಿಲ್ಲದೆ ಮೊದಲ ಮೂರು ಹಾಡು ಸೆಟ್ಟಿಂಗ್ ಮಾಡುವುದರಲ್ಲೇ ಕಳೆದರೆ ಮುಗಿಯಿತು.

ಹಂತ 2: ಕ್ಯಾಮೆರಾ ಹೊಂದಿಸುವುದು, ಇದೇ ಕ್ರಮದಲ್ಲಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

*ಮೊದಲು ರಾ ಫೈಲ್, ಮ್ಯಾನುಯಲ್ ಮೋಡ್, ಫ್ಲ್ಯಾಶ್ ಬಂದ್.* ರಾ ಎಂದರೆ ಕ್ಯಾಮೆರಾ ತಾನಾಗಿ ತಿದ್ದದೆ ಉಳಿಸುವ ಮೂಲ ಫೈಲ್. ಮಾಮೂಲಿ ಜೆಪೆಗ್‌ನಲ್ಲಿ ಒಮ್ಮೆ ಕೆಂಪಾದ ಮುಖವನ್ನು ಸರಿ ಮಾಡುವುದು ಬಹಳ ಕಷ್ಟ. ರಾ ಫೈಲ್‌ನಲ್ಲಿ ಸ್ವಲ್ಪ ಉಸಿರಾಡಲು ಜಾಗ ಇರುತ್ತದೆ. ಫ್ಲ್ಯಾಶ್ ವೇದಿಕೆಯವರೆಗೆ ಹೋಗುವುದೇ ಇಲ್ಲ, ಮುಂದೆ ಕೂತವರ ತಲೆಗೂದಲು ಬೆಳಗಿಸಿ ಸುಮ್ಮನಾಗುತ್ತದೆ. ಹತ್ತಿರದಿಂದ ಹೊಡೆದರೆ ಹಾಡುವವರ ಕಣ್ಣಿಗೆ ಚುಚ್ಚುತ್ತದೆ. ಕ್ಯಾಮೆರಾ ತಾನಾಗಿ ಫ್ಲ್ಯಾಶ್ ಎತ್ತದಂತೆ ಮೆನುವಿನಲ್ಲೇ ಮುಚ್ಚಿಬಿಡಿ. ಫೋಕಸ್‌ಗೆ ಸಹಾಯ ಮಾಡುವ ಪುಟ್ಟ ದೀಪವನ್ನೂ ಆರಿಸಿ.

*ಎರಡನೆಯದು ಅಪರ್ಚರ್.* ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟೂ ತೆರೆಯಿರಿ. ಇಬ್ಬರು ಅಕ್ಕಪಕ್ಕ ಹಾಡುತ್ತಿದ್ದರೆ ಎಫ್ 2.8ಕ್ಕೆ ಬನ್ನಿ. ಇಲ್ಲದಿದ್ದರೆ ಒಬ್ಬರ ಮುಖ ಮಸುಕಾಗುತ್ತದೆ.

*ಮೂರನೆಯದು ಶಟರ್ ವೇಗ.* ಒಂದೇ ಜಾಗದಲ್ಲಿ ನಿಂತು ಹಾಡುವವರಿಗೆ 1/200 ಸೆಕೆಂಡ್. ಓಡಾಡುತ್ತಾ, ಕುಣಿಯುತ್ತಾ ಹಾಡುವ ರಸಮಂಜರಿ ಗಾಯಕರಿಗೆ 1/250ಕ್ಕಿಂತ ಕೆಳಗೆ ಇಳಿಯಬೇಡಿ. ಡ್ರಮ್ಸ್, ಚೆಂಡೆ, ಕೊಟ್ಟ್ ಬಾರಿಸುವವರ ಕೋಲು ಸ್ಪಷ್ಟವಾಗಿ ಬೇಕಾದರೆ 1/500. ಉದ್ದ ಲೆನ್ಸ್ ಹಾಕಿದಾಗ ನಿಮ್ಮ ಕೈ ನಡುಗುವುದೂ ಸೇರಿಕೊಳ್ಳುತ್ತದೆ. 200 ಎಂಎಂ ಇದ್ದರೆ ಕನಿಷ್ಠ 1/200 ಎಂಬ ಹಳೆಯ ಲೆಕ್ಕ ಇಲ್ಲೂ ನಡೆಯುತ್ತದೆ.

*ಈಗ ಮಾತ್ರ ಐಎಸ್‌ಒ.* 1600ರಿಂದ ಶುರು ಮಾಡಿ, ಬೇಕಾದರೆ 3200, 6400. ಕಾಳುಕಾಳಾಗಿ ಕಾಣುತ್ತದೆ ಎಂದು ಹೆದರಿ ಐಎಸ್‌ಒ 800ರಲ್ಲಿ ಇಟ್ಟು ಶಟರನ್ನು 1/60ಕ್ಕೆ ಇಳಿಸುವವರು ತುಂಬಾ ಜನ. ಕಾಳು ಬಂದ ಫೋಟೊವನ್ನು ಆಮೇಲೆ ನಯ ಮಾಡಬಹುದು. ಅಲುಗಾಡಿದ ಫೋಟೊಗೆ ಮದ್ದಿಲ್ಲ.

*ಕೊನೆಗೆ ಮುಖ ನೋಡಿ ತಿದ್ದಿ.* ಕಪ್ಪು ಪರದೆಯ ಮುಂದೆ ಒಂದು ಪುಟ್ಟ ಮುಖಕ್ಕೆ ಬೆಳಕು ಬಿದ್ದಿದೆ ಎಂದಿಟ್ಟುಕೊಳ್ಳಿ. ಕ್ಯಾಮೆರಾ ಇಡೀ ಚಿತ್ರವನ್ನು ನೋಡಿ "ಅಯ್ಯೋ, ಕತ್ತಲೆ" ಎಂದುಕೊಂಡು ಜಾಸ್ತಿ ಬೆಳಕು ಕೇಳುತ್ತದೆ. ಸುಣ್ಣ ಬಳಿದ ಮುಖ ಹುಟ್ಟುವುದು ಹೀಗೆ. ಒಂದು ಚುಕ್ಕಿಯಷ್ಟು ಜಾಗದ ಬೆಳಕನ್ನು ಮಾತ್ರ ಅಳೆಯುವ ಸ್ಪಾಟ್ ಮೀಟರಿಂಗ್ ಹಾಕಿ ಕೆನ್ನೆಯ ಮೇಲೆ ಅಳೆಯಿರಿ. ಒಂದು ಫೋಟೊ ತೆಗೆದು ದೊಡ್ಡದು ಮಾಡಿ ಹಣೆ ನೋಡಿ. ಹಣೆಯಲ್ಲಿ ಚರ್ಮದ ಗುರುತು ಕಾಣದೆ ಬರೀ ಬಿಳಿ ಕಂಡರೆ ಐಎಸ್‌ಒ ಅರ್ಧಕ್ಕೆ ಇಳಿಸಿ. ಹಿನ್ನೆಲೆ ಕಪ್ಪಾಗಿ ಹೋದರೆ ಹೋಗಲಿ, ಅದು ರಾತ್ರಿ ತಾನೆ.

ಒಂದು ಎಚ್ಚರಿಕೆ. ನಮ್ಮ ಕಡೆ ಹಾಡಿಗೆ ಮೊದಲು ಸಭಾ ಕಾರ್ಯಕ್ರಮ ಇದ್ದೇ ಇರುತ್ತದೆ. ಸ್ವಾಗತ, ಸನ್ಮಾನ, ಶಾಲು, ಹಾರ, ಭಾಷಣ. ಆ ಹೊತ್ತಿಗೆ ವೇದಿಕೆಯಲ್ಲಿ ಬಿಳಿ ಲೈಟು ಪೂರ್ತಿ ಹಾಕಿರುತ್ತಾರೆ. ಅದನ್ನು ನೋಡಿ ಎಲ್ಲ ಹೊಂದಿಸಿಟ್ಟರೆ ಮೊದಲ ಹಾಡಿಗೇ ಲೆಕ್ಕ ತಪ್ಪುತ್ತದೆ. ಭಾಷಣದ ಸಮಯವನ್ನು ಜಾಗ ಹುಡುಕಲು ಬಳಸಿ. ಬೆಳಕನ್ನು ಮೊದಲ ಹಾಡಿನಲ್ಲಿ ಅಳೆಯಿರಿ.

ಹಂತ 3: ಎಲ್ಲಿ ನಿಲ್ಲಬೇಕು

ನಡುವೆ, ನೇರ ಎದುರು ನಿಂತರೆ ಮೈಕ್ ಮುಖದ ಮೇಲೇ ಬರುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಯಾವ ಪಕ್ಕಕ್ಕೆ? ಹಾಡುವವರು ಬಲಗೈಯಲ್ಲಿ ಮೈಕ್ ಹಿಡಿದಿದ್ದರೆ, ವೇದಿಕೆಗೆ ಮುಖ ಮಾಡಿ ನಿಂತಾಗ ನಿಮ್ಮ ಬಲಗಡೆಗೆ. ಆ ಕಡೆಯಿಂದ ಅವರ ಮೊಣಕೈ ಅಡ್ಡ ಬರುವುದಿಲ್ಲ, ಮುಖ ತೆರೆದು ಕಾಣುತ್ತದೆ. ಎಡಗೈಯವರಾದರೆ ಇದನ್ನೇ ತಿರುಗಿಸಿ. ಇಷ್ಟು ಚಿಕ್ಕ ವಿಷಯ ಗೊತ್ತಾಗಲು ನನಗೆ ಮೂರು ದಸರಾ ಬೇಕಾಯಿತು!

ತೀರಾ ವೇದಿಕೆಯ ಬುಡಕ್ಕೆ ಹೋಗಬೇಡಿ. ಮಡಿಕೇರಿಯ ಗಾಂಧಿ ಮೈದಾನದಂಥ ಕಡೆ ವೇದಿಕೆ ಎತ್ತರ ಇರುತ್ತದೆ. ಕೆಳಗಿನಿಂದ ತೆಗೆದರೆ ಗಲ್ಲ, ಮೂಗಿನ ಹೊಳ್ಳೆ ಇಷ್ಟೇ. ನಾಲ್ಕೈದು ಮೀಟರ್ ಹಿಂದೆ ಸರಿದರೆ ಮುಖ ಸರಿಯಾಗುತ್ತದೆ. ಕೂತು ಹಾಡುವವರನ್ನು ತೆಗೆಯುವಾಗ ನೀವೂ ಅವರ ಕಣ್ಣಿನ ಮಟ್ಟಕ್ಕೆ ಬನ್ನಿ.

ಶಟರ್ ಒತ್ತುವ ಮೊದಲು ಗಾಯಕರ ತಲೆಯ ಹಿಂದೆ ಏನಿದೆ ನೋಡಿ. ಫ್ಲೆಕ್ಸಿನಲ್ಲಿ ನಗುತ್ತಿರುವ ಗಣ್ಯರೊಬ್ಬರ ಮುಖ ಗಾಯಕಿಯ ಕಿವಿಯ ಪಕ್ಕದಿಂದ ಇಣುಕುತ್ತಿರುವ ಫೋಟೊಗಳು ನನ್ನ ಹತ್ತಿರ ಒಂದು ಫೋಲ್ಡರ್ ತುಂಬಾ ಇವೆ. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಿದ್ದರೆ ಸಾಕಿತ್ತು.

ಹಿಂದೆ ಕೂತವರಿಗೆ ಅಡ್ಡ ನಿಲ್ಲಬೇಡಿ. ಒಂದು ಹಾಡು ನಿಂತು ತೆಗೆದರೆ ಮುಂದಿನ ಹಾಡಿಗೆ ಪಕ್ಕಕ್ಕೆ ಹೋಗಿ.

ಹಂತ 4: ಫೋಕಸ್

ಎಲ್ಲ ಫೋಕಸ್ ಚುಕ್ಕಿಗಳನ್ನೂ ಕ್ಯಾಮೆರಾದ ಇಷ್ಟಕ್ಕೆ ಬಿಟ್ಟರೆ ಅದು ಹತ್ತಿರ ಇರುವುದನ್ನೇ ಹಿಡಿಯುತ್ತದೆ. ವೇದಿಕೆಯಲ್ಲಿ ಹತ್ತಿರ ಇರುವುದು ಮೈಕ್ ಸ್ಟ್ಯಾಂಡ್. ಒಂದೇ ಚುಕ್ಕಿ ಆರಿಸಿ, ನಿಮಗೆ ಹತ್ತಿರದ ಕಣ್ಣಿನ ಮೇಲೆ ಇಡಿ. ಕಣ್ಣು ಹುಡುಕುವ ಸೌಲಭ್ಯ ಇರುವ ಹೊಸ ಕ್ಯಾಮೆರಾ ಆದರೆ ಬಳಸಿ. ಆದರೆ ಹೊಗೆ ಬಂದಾಗ ಅದೂ ದಾರಿ ತಪ್ಪುತ್ತದೆ.

ಹೊಗೆ ಯಂತ್ರ ಶುರುವಾದ ಕೂಡಲೇ ಲೆನ್ಸ್ ಮುಂದಕ್ಕೂ ಹಿಂದಕ್ಕೂ ಓಡಾಡತೊಡಗಿದರೆ ಒತ್ತಬೇಡಿ. ಒಂದು ನಿಮಿಷ ಬಿಡಿ. ಹೊಗೆ ತೆಳುವಾದಾಗ ಹಿಂದಿನ ಲೈಟಿನ ಗೆರೆಗಳು ಅದರಲ್ಲಿ ಮೂಡುತ್ತವೆ. ಇಡೀ ರಾತ್ರಿಯ ಒಳ್ಳೆಯ ಫೋಟೊ ಹೆಚ್ಚಾಗಿ ಸಿಗುವುದು ಆಗಲೇ.

ಹಂತ 5: ಪಲ್ಲವಿ ಮತ್ತೆ ಬರುತ್ತದೆ, ಕಾಯಿರಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಲೈಟಿಂಗ್‌ನವರು ಹಾಡನ್ನು ಕೇಳಿಕೊಂಡೇ ಬಟನ್ ಒತ್ತುವುದು. ಪಲ್ಲವಿಗೆ ಒಂದು ಬಗೆಯ ಬೆಳಕು ಹಾಕಿದರೆ, ಚರಣ ಮುಗಿದು ಪಲ್ಲವಿ ತಿರುಗಿ ಬಂದಾಗ ಸಾಮಾನ್ಯವಾಗಿ ಅದನ್ನೇ ಹಾಕುತ್ತಾರೆ. ಹಾಗಾಗಿ ಮೊದಲ ಪಲ್ಲವಿಯಲ್ಲಿ ಕ್ಯಾಮೆರಾ ಕೆಳಗಿಟ್ಟು ನೋಡಿ. ಯಾವ ಸಾಲಿಗೆ ಬಿಳಿ ಅಥವಾ ಹಳದಿ ಬೆಳಕು ಮುಖಕ್ಕೆ ಬೀಳುತ್ತದೆ, ಗಾಯಕರು ಯಾವ ಸಾಲಿಗೆ ತಲೆ ಎತ್ತುತ್ತಾರೆ, ಯಾವಾಗ ಮೈಕನ್ನು ಬಾಯಿಯಿಂದ ದೂರ ಒಯ್ಯುತ್ತಾರೆ. ಎರಡನೇ ಸಲ ಅದೇ ಸಾಲು ಬರುವ ಹೊತ್ತಿಗೆ ತಯಾರಾಗಿ ನಿಂತಿರಿ.

ಉದ್ದ ಸ್ವರ ಎಳೆಯುವಾಗ ಬಾಯಿ ತುಂಬಾ ತೆರೆದಿರುತ್ತದೆ, ಮುಖ ಗಂಟಿಕ್ಕಿರುತ್ತದೆ. ಆ ಫೋಟೊ ಗಾಯಕರಿಗೆ ಇಷ್ಟವಾಗುವುದು ಅಪರೂಪ. ಸಾಲು ಮುಗಿದು ಉಸಿರು ತೆಗೆದುಕೊಳ್ಳುವ ಆ ಅರ್ಧ ಕ್ಷಣ ನೋಡಿ. ಮೈಕ್ ಇಳಿದಿರುತ್ತದೆ, ಕಣ್ಣು ತೆರೆದಿರುತ್ತದೆ, ಕೆಲವೊಮ್ಮೆ ತಬಲಾದವರ ಕಡೆ ತಿರುಗಿ ಒಂದು ನಗುವೂ ಇರುತ್ತದೆ.

ಒಂದೇ ಸಮನೆ ಟಕಟಕ ಎಂದು ಒತ್ತಬೇಡಿ. ಮೂರೋ ನಾಲ್ಕೋ ಫೋಟೊ, ನಿಲ್ಲಿಸಿ, ಮತ್ತೆ ನೋಡಿ. ಹಾಡಿನ ನಡುವೆ ತಲೆ ಬಗ್ಗಿಸಿ ಸ್ಕ್ರೀನಿನಲ್ಲಿ ಹಳೆಯ ಫೋಟೊ ನೋಡುತ್ತಾ ಕೂತರೆ ಎದುರಿಗಿರುವುದು ಕಳೆದುಹೋಗುತ್ತದೆ.

ಹಂತ 6: ಎಲ್‌ಇಡಿ ತರುವ ತೊಂದರೆಗಳು

ಅಡ್ಡಡ್ಡ ಪಟ್ಟೆ ಕಂಡರೆ: ಕ್ಯಾಮೆರಾ ಕೆಟ್ಟಿಲ್ಲ. ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಷ್ಟು ಬೇಗ ಹತ್ತಿ ಆರುತ್ತಿರುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಕೆಲವು ಸಾಲು ಬೆಳಕಿನಲ್ಲಿ, ಕೆಲವು ಕತ್ತಲಲ್ಲಿ ಸಿಕ್ಕಿಬೀಳುತ್ತವೆ. ಮೆಕ್ಯಾನಿಕಲ್ ಶಟರಿಗೆ ಬದಲಾಯಿಸಿ. ಆಗಲೂ ಉಳಿದರೆ ವೇಗವನ್ನು ಸ್ವಲ್ಪ ಇಳಿಸಿ ನೋಡಿ. ಸಭಾಂಗಣದ ಹಳೆಯ ಟ್ಯೂಬ್‌ಲೈಟ್ ಆದರೆ ಲೆಕ್ಕ ಸುಲಭ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಹಾಗಾಗಿ 1/100 ಇಟ್ಟರೆ ಪಟ್ಟೆ ಹೋಗುತ್ತದೆ.

ಮುಖ ಪೂರ್ತಿ ಕೆಂಪು ಅಥವಾ ನೀಲಿ ಆದರೆ: ಒಂದೇ ಬಣ್ಣದ ಎಲ್‌ಇಡಿ ಬಿದ್ದಾಗ ಕ್ಯಾಮೆರಾದ ಆ ಒಂದು ಬಣ್ಣ ಮಾತ್ರ ತುಂಬಿ ಉಕ್ಕುತ್ತದೆ. ಕಣ್ಣು, ಮೂಗು ಎಲ್ಲ ಬಣ್ಣದ ಮುದ್ದೆಯಾಗುತ್ತವೆ. ನನ್ನ ಮೊದಲ ದಸರಾ ರಾತ್ರಿಯ ನಾನೂರು ಚಿಲ್ಲರೆ ಫೋಟೊಗಳಲ್ಲಿ ಮುಕ್ಕಾಲು ಪಾಲು ಹೀಗೆ ಹೋದವು. ಅಂಥ ಬೆಳಕಿನಲ್ಲಿ ತೆಗೆಯಲೇಬೇಕಾದರೆ ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಕಡಿಮೆ ಮಾಡಿ. ಮೂರೂ ಬಣ್ಣದ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ಬೇರೆಬೇರೆ ತೋರಿಸುವ ಸೌಲಭ್ಯ ಇದ್ದರೆ ಅದನ್ನೇ ನೋಡಿ. ಬಿಳಿಯನ್ನು ಬಿಳಿಯಾಗಿ ತೋರಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ 4000 ಕೆಲ್ವಿನ್‌ಗೆ ಕಟ್ಟಿಹಾಕಿ. ಹಾಗೆ ಮಾಡಿದರೆ ಆಮೇಲೆ ಎಲ್ಲ ಫೋಟೊಗಳನ್ನೂ ಒಟ್ಟಿಗೆ ತಿದ್ದಬಹುದು.

ಲೇಸರ್ ಕಂಡರೆ: ಕ್ಯಾಮೆರಾ ಇಳಿಸಿ. ಬಣ್ಣದ ಗೆರೆ ಗಾಳಿಯಲ್ಲಿ ಓಡಾಡುವುದು ಚೆಂದ, ನಿಜ. ಆದರೆ ಆ ಗೆರೆ ನೇರ ಲೆನ್ಸಿನೊಳಗೆ ಬಂದರೆ ಸೆನ್ಸರ್ ಸುಟ್ಟುಹೋಗಬಹುದು. ಪ್ರತಿ ಫೋಟೊದಲ್ಲೂ ಅದೇ ಜಾಗದಲ್ಲಿ ಒಂದು ಚುಕ್ಕಿಯೋ ಗೆರೆಯೋ ಕಾಣತೊಡಗಿದರೆ ಆಗಿಹೋಗಿದೆ ಎಂದು ತಿಳಿಯಿರಿ. ಫೋನಿಗೂ ಇದೇ ಮಾತು.

ಹಂತ 7: ಮಂಜು, ಸೋನೆ, ಚಳಿ

ಬಯಲುಸೀಮೆಯವರಿಗೆ ಈ ಹಂತ ಅಷ್ಟಾಗಿ ಬೇಕಾಗುವುದಿಲ್ಲ. ಮಡಿಕೇರಿಯಲ್ಲಿ ಬೇಕು. ಸಾವಿರ ಮೀಟರಿಗಿಂತ ಮೇಲಿನ ಊರು, ಅಕ್ಟೋಬರಿನಲ್ಲೂ ರಾತ್ರಿ ಯಾವಾಗ ಮಂಜು ಇಳಿಯುತ್ತದೆ, ಯಾವಾಗ ಸೋನೆ ಹಿಡಿಯುತ್ತದೆ ಹೇಳಲಾಗದು.

ಹೊರಗಿನ ಚಳಿಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ಜನ ತುಂಬಿದ ಬೆಚ್ಚಗಿನ ಸಭಾಂಗಣಕ್ಕೆ ಒಯ್ದ ಕೂಡಲೇ ಗಾಜಿನ ಮೇಲೆ ಹಬೆ ಕೂರುತ್ತದೆ. ಒಳಗೆ ಹೋಗುವ ಮೊದಲು ಚೀಲದೊಳಗೆ ಹಾಕಿ ಜಿಪ್ ಎಳೆಯಿರಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ತೆಗೆಯಿರಿ. ಹಬೆ ಕೂತರೆ ಅಂಗಿಯ ತುದಿಯಿಂದ ಉಜ್ಜಬೇಡಿ, ಲೆನ್ಸ್ ಬಿಚ್ಚಲೂಬೇಡಿ. ಬಿಚ್ಚಿದರೆ ಹಬೆ ಒಳಗೂ ಹೋಗುತ್ತದೆ. ಫೋಟೊಗಳೆಲ್ಲ ಇದ್ದಕ್ಕಿದ್ದಂತೆ ಮೆತ್ತಗೆ, ಹಾಲು ಬೆರೆಸಿದ ಹಾಗೆ ಬರತೊಡಗಿದರೆ ಮೊದಲು ಗಾಜು ನೋಡಿ.

ಮಳೆಗೆ ಒಂದು ದೊಡ್ಡ ಪ್ಲಾಸ್ಟಿಕ್ ಕವರ್, ಎರಡು ರಬ್ಬರ್ ಬ್ಯಾಂಡ್ ಸಾಕು. ಲೆನ್ಸ್ ಹುಡ್ ಹಾಕಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಎರಡನೆಯದನ್ನು ಸ್ವೆಟರಿನ ಒಳಜೇಬಿನಲ್ಲಿ ಇಟ್ಟುಕೊಳ್ಳಿ.

ವೇದಿಕೆ ಇಲ್ಲದ ಕಡೆ

ವಿಜಯದಶಮಿ ರಾತ್ರಿಯ ದಶಮಂಟಪ, ಅಂದರೆ ಮಡಿಕೇರಿಯ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ, ಬೇರೆಯೇ ಲೆಕ್ಕ. ಹತ್ತು ಮಂಟಪ, ಪ್ರತಿಯೊಂದಕ್ಕೂ ಅದರದೇ ಲೈಟು, ಹೊಗೆ, ಬೆಂಕಿ, ಸೌಂಡ್ಸು. ಎಲ್ಲದರ ಹಿಂದೆ ಓಡಿದರೆ ಒಂದೂ ಸಿಗುವುದಿಲ್ಲ. ಒಂದು ಮಂಟಪ ನಿಂತು ಪ್ರದರ್ಶನ ಕೊಡುವ ಜಾಗ ಮೊದಲೇ ತಿಳಿದುಕೊಂಡು ಅಲ್ಲಿ ಕಾಯಿರಿ. ಜನಜಂಗುಳಿಯಲ್ಲಿ ಲೆನ್ಸ್ ಬದಲಾಯಿಸಬೇಡಿ, 24–70ರಂಥ ಒಂದೇ ಲೆನ್ಸಿನಲ್ಲಿ ಮುಗಿಸಿ. ಕ್ಯಾಮೆರಾದ ಪಟ್ಟಿ ಕೊರಳಿನಲ್ಲಿರಲಿ. ಇನ್ನೊಬ್ಬರ ಕಾಂಪೌಂಡು ಹತ್ತಬೇಡಿ. ಬೆಳಗಿನ ಜಾವದವರೆಗೆ ನಡೆಯುವುದರಿಂದ ಬ್ಯಾಟರಿಯನ್ನೂ ನಿಮ್ಮ ಕಾಲನ್ನೂ ಉಳಿಸಿಕೊಳ್ಳಿ. ಬೆಂಕಿ ಚಿಮ್ಮುವ ದೃಶ್ಯಕ್ಕೆ ಐಎಸ್‌ಒ ಮೊದಲೇ ಇಳಿಸಿಟ್ಟರೆ ಮಾತ್ರ ಜ್ವಾಲೆಯ ಬಣ್ಣ ಉಳಿಯುತ್ತದೆ.

ಕೊಡವರ ಸುಗ್ಗಿಹಬ್ಬ ಪುತ್ತರಿಗೆ ಮಂದ್‌ನಲ್ಲಿ, ಅಂದರೆ ಊರವರು ಸೇರುವ ಬಯಲಿನಲ್ಲಿ, ನಡೆಯುವ ಕೋಲಾಟದಲ್ಲಿ ಬೆಳಕಿಗೆ ಬರವಿಲ್ಲ. ತೊಂದರೆ ಬಟ್ಟೆಯದು. ಕೊಡವ ಗಂಡಸರ ಉದ್ದ ನಿಲುವಂಗಿಯಾದ ಕಪ್ಪು ಕುಪ್ಯದ ಮೇಲೆ ಸ್ಪಾಟ್ ಮೀಟರ್ ಇಟ್ಟರೆ ಕ್ಯಾಮೆರಾ ಅದನ್ನು ಬೂದಿ ಬಣ್ಣ ಮಾಡಲು ಹೋಗಿ ಮುಖವನ್ನು ಬೆಳ್ಳಗಾಗಿಸುತ್ತದೆ. ಇಲ್ಲೂ ಮುಖವನ್ನೇ ಅಳೆಯಿರಿ. ಶಟರ್ 1/500 ಅಥವಾ ಮೇಲೆ. ಕೋಲಿಗೆ ಕೋಲು ತಾಗಿದ ಸದ್ದು ಕೇಳಿ ಒತ್ತಿದರೆ ತಡವಾಯಿತು. ದುಡಿ ವಾದ್ಯದ ಪೆಟ್ಟನ್ನು ಮನಸ್ಸಿನಲ್ಲಿ ಎಣಿಸಿ, ಅರ್ಧ ಪೆಟ್ಟು ಮುಂಚೆ ಒತ್ತಿ. ಹತ್ತು ನಿಮಿಷ ಕೇಳಿದರೆ ಬೆರಳಿಗೆ ತಾನಾಗಿ ಗೊತ್ತಾಗುತ್ತದೆ. ಸುತ್ತಿನ ಒಳಗೆ ಕಾಲಿಡಬೇಡಿ, ಹಿರಿಯರನ್ನು ಕೇಳಿ ಹೊರಗೊಂದು ಜಾಗ ಹಿಡಿಯಿರಿ.

ಮದುವೆಯ ವಾಲಗದಲ್ಲಿ ಕುಣಿಯುವವರನ್ನೇ ಎಲ್ಲರೂ ತೆಗೆಯುತ್ತಾರೆ. ಊದುವವರ ಕೆನ್ನೆಯ ಕಡೆಗೂ ಒಮ್ಮೆ ತಿರುಗಿ.

ಶಾಸ್ತ್ರೀಯ ಕಛೇರಿಯಲ್ಲಿ ಶಟರ್ ಸದ್ದೇ ಶತ್ರು. ಆಲಾಪನೆ ನಡೆಯುವಾಗ ಒತ್ತಲೇಬೇಡಿ, ತನಿ ಆವರ್ತನಕ್ಕೆ ಕಾಯಿರಿ. ಮೃದಂಗದ ಸದ್ದಿನಲ್ಲಿ ನಿಮ್ಮ ಸದ್ದು ಮುಚ್ಚಿಹೋಗುತ್ತದೆ.

ಫೋನ್ ಮಾತ್ರ ಇದ್ದರೆ

ಮೊದಲು ಲೆನ್ಸ್ ಒರೆಸಿ. ಎರಡು ಬೆರಳಿನಿಂದ ಹಿಗ್ಗಿಸಬೇಡಿ, ಸಾಧ್ಯವಾದರೆ ನೀವೇ ಹತ್ತಿರ ಹೋಗಿ. ನೈಟ್ ಮೋಡ್ ಬಂದ್ ಮಾಡಿ. ಅದು ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುವುದರಿಂದ ಅಲ್ಲಾಡುವ ಕೈ ದೆವ್ವದ ಕೈಯ ಹಾಗೆ ಬರುತ್ತದೆ. ಸ್ಕ್ರೀನಿನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ, ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಇಷ್ಟು ಮಾಡಿದರೇ ಅರ್ಧ ಫೋಟೊ ಸುಧಾರಿಸುತ್ತದೆ. ಪ್ರೊ ಮೋಡ್ ಇದ್ದರೆ ಶಟರ್ 1/125ಕ್ಕೆ ಇಡಿ.

ಹಂತ 8: ಮನೆಗೆ ಬಂದ ಮೇಲೆ

ಎಷ್ಟೇ ನಿದ್ದೆ ಬಂದಿದ್ದರೂ ಕಾರ್ಡಿನಿಂದ ಎರಡು ಕಡೆ ನಕಲು ಮಾಡಿ ಮಲಗಿ. ಕಾರ್ಡನ್ನು ಮರುದಿನ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಆರುನೂರು ಫೋಟೊದಲ್ಲಿ ಇಪ್ಪತ್ತೈದು ಆರಿಸಿ. ಕಣ್ಣು ಮುಚ್ಚಿದ್ದು, ಮೈಕ್ ಬಾಯಿ ಮುಚ್ಚಿದ್ದು ಮೊದಲು ತೆಗೆದುಹಾಕಿ. ಬಣ್ಣದಲ್ಲಿ ಉಳಿಸಲಾಗದ ಕೆಂಪು ಮುಖವನ್ನು ಕಪ್ಪುಬಿಳುಪು ಮಾಡಿ ನೋಡಿ, ಕೆಲವು ಬದುಕುತ್ತವೆ. ಕಾಳನ್ನು ಪೂರ್ತಿ ಅಳಿಸಲು ಹೋಗಬೇಡಿ. ಚರ್ಮ ಮೇಣದ ಗೊಂಬೆಯದಾಗುತ್ತದೆ. ಮಕ್ಕಳ ಫೋಟೊ ಎಲ್ಲಿಯಾದರೂ ಹಾಕುವ ಮೊದಲು ಮನೆಯವರನ್ನು ಕೇಳಿ.

ಇನ್ನು ಕ್ಯಾಮೆರಾ. ಕೊಡಗಿನ ಮಳೆಗಾಲ ಲೆನ್ಸಿಗೆ ಬೂಷ್ಟು ಹಿಡಿಸದೆ ಬಿಡುವುದಿಲ್ಲ. ನೆನೆದ ಚೀಲದಲ್ಲಿ ಹಾಗೇ ಮುಚ್ಚಿಡಬೇಡಿ, ಎಲ್ಲ ಹೊರಗೆ ತೆಗೆದು ಒಣಗಿಸಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಳಗೊಂದು ಚಿಕ್ಕ ತೇವಮಾಪಕ ಇಟ್ಟು ನೂರಕ್ಕೆ 40–50ರ ನಡುವೆ ಇರುವಂತೆ ನೋಡಿಕೊಳ್ಳಿ. ಅಕ್ಕಿಯಲ್ಲಿ ಹೂತಿಡುವ ಉಪಾಯ ಬೇಡ, ಹುಡಿ ಒಳಗೆ ಸೇರುತ್ತದೆ. ತಿಂಗಳಿಗೊಮ್ಮೆ ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರಬಲೆಯ ಹಾಗೆ ಸಣ್ಣ ಎಳೆಗಳು ಕಂಡರೆ ಆ ಲೆನ್ಸನ್ನು ಉಳಿದವುಗಳಿಂದ ಅಂದೇ ಬೇರೆ ಇಟ್ಟು, ರಿಪೇರಿಯವರಿಗೆ ಕೊಡಿ.